ಹತ್ಯಾಕಾಂಡದ ಸಿನಿಮಾದಲ್ಲಿ ನಗು ಸಲ್ಲುತ್ತದೆಯೇ?

ಎರಡನೇ ಮಹಾಯುದ್ಧದ ಪಾಠ ಮುಗಿದ ವಾರ ಕಲಾ ವಿಭಾಗದ ಮಕ್ಕಳಿಗೆ 'ಲೈಫ್ ಈಸ್ ಬ್ಯೂಟಿಫುಲ್' ಎಂಬ ಇಟಲಿಯ ಚಿತ್ರವನ್ನು ತೋರಿಸಿದೆವು. ಪ್ರಶ್ನೆಗಳಿದ್ದರೆ ಚೀಟಿಯಲ್ಲಿ ಬರೆದು ಕೊಡಿ, ಹೆಸರು ಹಾಕಬೇಕಾಗಿಲ್ಲ ಎಂದಿದ್ದೆ. ಬಂದ ಚೀಟಿಗಳಲ್ಲಿ ಹೆಚ್ಚಿನವು ಒಂದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಕೇಳಿದ್ದವು: 'ಅಷ್ಟು ಜನ ಸತ್ತ ಜಾಗವನ್ನು ಇಟ್ಟುಕೊಂಡು ತಮಾಷೆ ಮಾಡಬಹುದೇ ಸರ್? ನಾವು ನಕ್ಕದ್ದು ಸರಿಯೇ?' ಇನ್ನೊಂದು ಚೀಟಿಯಲ್ಲಿ, 'ಗಾಝಾದಲ್ಲಿ ಮಕ್ಕಳು ಸಾಯುತ್ತಿರುವಾಗ ಇವರ ಕತೆ ನಮಗೇಕೆ?' ಎಂದಿತ್ತು. ಎರಡೂ ಒಳ್ಳೆಯ ಪ್ರಶ್ನೆಗಳು. ಒಂದು ಪಿರಿಯಡ್‌ನಲ್ಲಿ ಮುಗಿಯುವಂಥವಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ವಿಜ್ಞಾನ ಮತ್ತು ವಾಣಿಜ್ಯದ ಮಕ್ಕಳೂ ಓದಬಹುದು. ಚಿತ್ರ ನೋಡದವರಿಗೆ ಕತೆಯನ್ನೂ ಹೇಳಿದ್ದೇನೆ.

ಮೊದಲು, ನಗು ಯಾವುದರ ಬಗ್ಗೆ ಎಂಬುದು ಸ್ಪಷ್ಟವಾಗಲಿ. ಹಿಟ್ಲರ್ 1933ರಲ್ಲಿ ಜರ್ಮನಿಯ ಅಧಿಕಾರ ಹಿಡಿದ. 1945ರಲ್ಲಿ ಅವನ ಆಡಳಿತ ಬೀಳುವಷ್ಟರಲ್ಲಿ ಸುಮಾರು 60 ಲಕ್ಷ ಯಹೂದಿಗಳನ್ನು ಕೊಲ್ಲಲಾಗಿತ್ತು. ಅವರಲ್ಲಿ ಸುಮಾರು 15 ಲಕ್ಷ ಮಕ್ಕಳು. ಯುರೋಪಿನ ಪ್ರತಿ ಮೂವರು ಯಹೂದಿಗಳಲ್ಲಿ ಇಬ್ಬರು ಉಳಿಯಲಿಲ್ಲ. ರೋಮಾ ಜನರನ್ನು, ಅಂಗವಿಕಲರನ್ನು, ಸೆರೆಸಿಕ್ಕ ಸೋವಿಯತ್ ಸೈನಿಕರನ್ನು ಕೂಡ ಲಕ್ಷಗಟ್ಟಲೆ ಕೊಂದರು. ಊರ ಹೊರಗೆ ಹೊಂಡ ತೋಡಿಸಿ ಗುಂಡಿಟ್ಟು ಕೊಂದದ್ದುಂಟು, ಹಸಿವೆಯಿಂದ ಕೊಂದದ್ದುಂಟು. ಪೋಲೆಂಡಿನ ಔಷ್ವಿಟ್ಜ್‌ನಂಥ ಶಿಬಿರಗಳಲ್ಲಿ ಸ್ನಾನಕ್ಕೆಂದು ಹೇಳಿ ಬಟ್ಟೆ ಬಿಚ್ಚಿಸಿ ವಿಷಾನಿಲದ ಕೋಣೆಗೆ ತಳ್ಳಿದರು. ಔಷ್ವಿಟ್ಜ್ ಒಂದರಲ್ಲೇ ಸತ್ತವರು ಸುಮಾರು 11 ಲಕ್ಷ. ಪಾಠದಲ್ಲಿ ಇದೆಲ್ಲ ನಾಲ್ಕು ಸಾಲಿನಲ್ಲಿ ಮುಗಿದುಹೋಗುತ್ತದೆ.

ಹಿಟ್ಲರ್ ಎಂಬ ಹೆಸರು ನಮ್ಮಲ್ಲಿ ಏನಾಗಿದೆ ನೋಡಿ. 1996ರಲ್ಲಿ ಮಲಯಾಳದಲ್ಲಿ 'ಹಿಟ್ಲರ್' ಎಂಬ ಹಾಸ್ಯಚಿತ್ರ ಬಂತು. ಅದರಲ್ಲಿ ಮಮ್ಮುಟ್ಟಿ ತಂಗಿಯರನ್ನು ಕಟ್ಟುನಿಟ್ಟಾಗಿ ಕಾಯುವ ಅಣ್ಣ. ಕನ್ನಡದ ಟಿವಿಯಲ್ಲಿ 'ಹಿಟ್ಲರ್ ಕಲ್ಯಾಣ' ಎಂಬ ಧಾರಾವಾಹಿ ವರ್ಷಗಟ್ಟಲೆ ಓಡಿತು. ಶಿಸ್ತಿನ ಉಪನ್ಯಾಸಕರಿಗೆಲ್ಲ ಹಿಂದಿನ ಬೆಂಚಿನವರು ಇಡುವ ಹೆಸರೂ ಅದೇ. ನನ್ನ ಹಾಜರಿ ಪುಸ್ತಕದ ಕಾರಣಕ್ಕೆ ನನಗೂ ಆ ಹೆಸರಿದೆ ಎಂದು ಕೇಳಿಬಲ್ಲೆ. ಇದರಲ್ಲಿ ಕೆಟ್ಟ ಉದ್ದೇಶವಿಲ್ಲ. ನಮ್ಮ ಕಡೆ ಆ ಪದಕ್ಕೆ 'ತುಂಬಾ ಸ್ಟ್ರಿಕ್ಟ್' ಎಂದಷ್ಟೇ ಅರ್ಥ ಉಳಿದಿದೆ. ಆದರೆ ತಿಳಿಯದೆ ನಗುವುದು ಬೇರೆ, ತಿಳಿದು ನಗುವುದು ಬೇರೆ. ನಾನು ಹೇಳಹೊರಟ ಚಿತ್ರಗಳನ್ನು ಮಾಡಿದವರು ತಿಳಿದವರು. ಆ ನಗು ಹಗುರವಲ್ಲ.

ಎಲ್ಲರಿಗೂ ಗೊತ್ತಿರುವ ಚಾಪ್ಲಿನ್‌ನಿಂದ ಹೊರಡೋಣ. ಚಾರ್ಲಿ ಚಾಪ್ಲಿನ್ ಹುಟ್ಟಿದ್ದು 1889ರ ಏಪ್ರಿಲ್ 16ರಂದು. ಹಿಟ್ಲರ್ ಹುಟ್ಟಿದ್ದು ಅದೇ ಏಪ್ರಿಲ್ 20ರಂದು. ಇಬ್ಬರ ಮೀಸೆಯೂ ಒಂದೇ. 'ದಿ ಗ್ರೇಟ್ ಡಿಕ್ಟೇಟರ್' ಚಿತ್ರದ ಇಡೀ ಕತೆ ಈ ಹೋಲಿಕೆಯ ಮೇಲೆ ನಿಂತಿದೆ. ಒಬ್ಬ ಬಡ ಯಹೂದಿ ಕ್ಷೌರಿಕ, ಇನ್ನೊಬ್ಬ ಹಿಂಕೆಲ್ ಎಂಬ ಸರ್ವಾಧಿಕಾರಿ, ಎರಡೂ ಪಾತ್ರದಲ್ಲಿ ಚಾಪ್ಲಿನ್. ಹಿಂಕೆಲ್ ಭೂಗೋಳದ ಬಲೂನನ್ನು ಎತ್ತಿ ಹಾರಿಸುತ್ತ, ಕಾಲಿನಿಂದ ತಟ್ಟುತ್ತ ಒಬ್ಬನೇ ಕುಣಿಯುವ ದೃಶ್ಯವನ್ನು ನೀವು ಮೊಬೈಲಿನಲ್ಲಿ ನೋಡಿರಬಹುದು. ಕೊನೆಗೆ ಬಲೂನು ಒಡೆಯುತ್ತದೆ. ಚಿತ್ರೀಕರಣ ಶುರುವಾದದ್ದು 1939ರ ಸೆಪ್ಟೆಂಬರಿನಲ್ಲಿ, ಯುದ್ಧ ಆರಂಭವಾದ ಕೆಲವೇ ದಿನಗಳಿಗೆ. ಬಿಡುಗಡೆಯಾದದ್ದು 1940ರ ಅಕ್ಟೋಬರಿನಲ್ಲಿ. ಆಗ ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ, ಹಿಟ್ಲರನನ್ನು ಕೆಣಕುವುದು ಬೇಡ ಎನ್ನುವವರು ಅಲ್ಲಿ ಬೇಕಾದಷ್ಟಿದ್ದರು. ಚಾಪ್ಲಿನ್ ತನ್ನದೇ ಹಣ ಹಾಕಿ ಮಾಡಿದ.

1964ರಲ್ಲಿ ಬಂದ ಆತ್ಮಕಥೆಯಲ್ಲಿ ಅದೇ ಚಾಪ್ಲಿನ್, ಶಿಬಿರಗಳಲ್ಲಿ ನಡೆದ ನಿಜವಾದ ಭೀಕರತೆ ಆಗ ಗೊತ್ತಿದ್ದರೆ ಈ ಚಿತ್ರವನ್ನು ಮಾಡಲು ತನ್ನಿಂದ ಆಗುತ್ತಿರಲಿಲ್ಲ ಎಂದು ಬರೆದ. ನಿಮ್ಮ ಪ್ರಶ್ನೆಗೆ ಇದೇ ಉತ್ತರ ಎಂದು ಹಲವರು ಈ ಮಾತನ್ನು ಎತ್ತಿ ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. 1940ರಲ್ಲಿ ದಖಾವ್‌ನಂಥ ಬಂಧನ ಶಿಬಿರಗಳಿದ್ದವು, ಹೊಡೆತವಿತ್ತು, ಅಂಗಡಿ ಗಾಜುಗಳ ಮೇಲೆ 'ಯಹೂದಿ' ಎಂದು ಬಣ್ಣ ಬಳಿಯುವುದಿತ್ತು. ಅವೆಲ್ಲ ಚಿತ್ರದಲ್ಲಿವೆ. ಅನಿಲದಿಂದ ಸಾಮೂಹಿಕವಾಗಿ ಕೊಲ್ಲುವ ಶಿಬಿರಗಳು ಕೆಲಸ ಶುರುಮಾಡಿದ್ದು 1941ರ ಕೊನೆಯಲ್ಲಿ. ಚಾಪ್ಲಿನ್ ನಕ್ಕದ್ದು ಕೊಲ್ಲುವವನ ಜಂಬವನ್ನು ನೋಡಿ, ಸತ್ತವರನ್ನು ನೋಡಿ ಅಲ್ಲ. ಆ ಜಂಬ 1940ರಲ್ಲಿ ಎಷ್ಟು ನಗೆಪಾಟಲೋ 1945ರಲ್ಲೂ ಅಷ್ಟೇ. ಇನ್ನೊಂದು ಸಂಗತಿ: ಚಿತ್ರದ ಕೊನೆಯಲ್ಲಿ ಸರ್ವಾಧಿಕಾರಿಯ ವೇಷದಲ್ಲಿರುವ ಕ್ಷೌರಿಕ ಮೈಕಿನ ಮುಂದೆ ನಿಂತು ದ್ವೇಷ ಬಿಡಿ ಎಂದು ಉದ್ದದ ಭಾಷಣ ಮಾಡುತ್ತಾನೆ. ಅಲ್ಲಿ ಒಂದೇ ಒಂದು ತಮಾಷೆ ಇಲ್ಲ. ಭಾಷಣದಿಂದ ಚಿತ್ರದ ಹದ ಕೆಟ್ಟಿತು ಎಂದು ವಿಮರ್ಶಕರು ದೂರಿದರು. ಇರಬಹುದು. ಜಗತ್ತಿನ ಅತಿ ದೊಡ್ಡ ಹಾಸ್ಯನಟನಿಗೆ ತನ್ನ ಹಾಸ್ಯ ಇಲ್ಲಿಗೆ ಸಾಲದು ಅನ್ನಿಸಿದ ಜಾಗ ಅದು ಎಂದು ನಾನು ಓದಿಕೊಳ್ಳುತ್ತೇನೆ.

1942ರಲ್ಲಿ ಬಂದ 'ಟು ಬಿ ಆರ್ ನಾಟ್ ಟು ಬಿ' ಇನ್ನೂ ಚುರುಕಾದ ಚಿತ್ರ. ನಿರ್ದೇಶಕ ಎರ್ನ್‌ಸ್ಟ್ ಲುಬಿಚ್ ಬರ್ಲಿನ್‌ನಲ್ಲೇ ಹುಟ್ಟಿದ ಯಹೂದಿ. ವಾರ್ಸಾ ನಗರದ ಒಂದು ನಾಟಕ ಕಂಪನಿಯವರು ನಾಝಿಗಳ ವೇಷ ಹಾಕಿಕೊಂಡು ನಾಝಿಗಳನ್ನೇ ಮೋಸಗೊಳಿಸುವ ಕತೆ. ಅದರಲ್ಲಿ ಎರ್ಹಾರ್ಟ್ ಎಂಬ ಕರ್ನಲ್ ಇದ್ದಾನೆ. ಜನ ತನ್ನನ್ನು 'ಕಾನ್ಸಂಟ್ರೇಶನ್ ಕ್ಯಾಂಪ್ ಎರ್ಹಾರ್ಟ್' ಎಂದು ಕರೆಯುತ್ತಾರೆ ಎಂದು ಕೇಳಿ ಅವನಿಗೆ ಹಿಗ್ಗು, ಬಿರುದು ಸಿಕ್ಕವನಂತೆ. ಇನ್ನೊಂದು ಕಡೆ, ಒಬ್ಬ ನಟ ಶೇಕ್ಸ್‌ಪಿಯರನ ನಾಟಕವನ್ನು ಹಾಳು ಮಾಡಿದ್ದಕ್ಕೂ ತಾವು ಪೋಲೆಂಡನ್ನು ಹಾಳು ಮಾಡುತ್ತಿರುವುದಕ್ಕೂ ಅವನು ಹೋಲಿಕೆ ಕೊಡುತ್ತಾನೆ. ಆ ಒಂದು ಮಾತಿಗೆ ಲುಬಿಚ್ ಬೈಸಿಕೊಂಡಷ್ಟು ಬೇರೆ ಯಾವುದಕ್ಕೂ ಬೈಸಿಕೊಂಡಿಲ್ಲ. ಪೋಲೆಂಡಿನ ಸಂಕಟ ತಮಾಷೆಯೇ ಎಂದು ಕೇಳಿದರು. ಆದರೆ ಆ ತಮಾಷೆ ಮಾಡುವವನು ನಾಝಿ ಅಧಿಕಾರಿ. ಊರು ಸುಟ್ಟವನು ಅದನ್ನೇ ಜೋಕು ಮಾಡಿ ತಾನೇ ನಗುತ್ತಾನೆ, ನೋಡುವವರಿಗೆ ಮೈ ಜುಮ್ಮೆನ್ನುತ್ತದೆ. ಚಿತ್ರದ ನಾಯಕಿ ಕ್ಯಾರೊಲ್ ಲೊಂಬಾರ್ಡ್ ಬಿಡುಗಡೆಗೆ ಮೊದಲೇ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದಳು. ಹಾಗಾಗಿ ಆ ವರ್ಷ ಅದನ್ನು ನೋಡಿ ನಗುವುದು ಜನರಿಗೆ ಎರಡು ರೀತಿಯಲ್ಲಿ ಕಷ್ಟವಾಯಿತು.

ನಗು ಯಾವಾಗಲೂ ಬಡವರ, ಬಲಿಯಾದವರ ಪಕ್ಷದಲ್ಲೇ ಇರುತ್ತದೆ ಎಂದು ಇದರಿಂದ ತಿಳಿಯಬಾರದು. ನಾಝಿಗಳೂ ನಗುತ್ತಿದ್ದರು. ಯೂಲಿಯುಸ್ ಸ್ಟ್ರೈಖರ್ ಎಂಬವನು 1923ರಿಂದ 1945ರವರೆಗೆ 'ಡೆರ್ ಶ್ಟ್ಯುರ್ಮರ್' ಎಂಬ ವಾರಪತ್ರಿಕೆ ನಡೆಸಿದ. ಅದರ ಮುಖಪುಟದಲ್ಲಿ ಕೊಕ್ಕೆ ಮೂಗಿನ, ದಪ್ಪ ತುಟಿಯ ಯಹೂದಿಯ ವ್ಯಂಗ್ಯಚಿತ್ರ. ಅವನ ಪ್ರಕಾಶನ 1938ರಲ್ಲಿ ಮಕ್ಕಳಿಗೆಂದೇ ಬಣ್ಣದ ಚಿತ್ರದ ಪುಸ್ತಕ ತಂದಿತು. ಅದರ ಹೆಸರು 'ವಿಷದ ಅಣಬೆ'. ಕಾಡಿನಲ್ಲಿ ಒಳ್ಳೆಯ ಅಣಬೆ ಯಾವುದು, ವಿಷದ್ದು ಯಾವುದು ಎಂದು ಗುರುತಿಸುವ ಹಾಗೆ ಜನರಲ್ಲಿ ಯಹೂದಿಗಳನ್ನು ಗುರುತಿಸಲು ತಾಯಿ ಮಗನಿಗೆ ಕಲಿಸುತ್ತಾಳೆ. ಕಾರ್ನಿವಲ್ ಮೆರವಣಿಗೆಗಳಲ್ಲಿ ಯಹೂದಿ ವೇಷ ಹಾಕಿ ಕುಣಿದು ಜನರನ್ನು ನಗಿಸಿದ್ದೂ ಉಂಟು. ಮೊದಲು ಒಂದು ಜನಾಂಗವನ್ನು ನಗೆಪಾಟಲು ಮಾಡಿದರು, ಆಮೇಲೆ ಅವರನ್ನು ರೈಲಿಗೆ ಹತ್ತಿಸುವಾಗ ನೆರೆಯವರು ಕಿಟಕಿ ಮುಚ್ಚಿಕೊಂಡರು. ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಸ್ಟ್ರೈಖರನಿಗೆ ಮರಣದಂಡನೆಯಾಯಿತು, 1946ರಲ್ಲಿ ಗಲ್ಲಿಗೇರಿಸಿದರು. ಅವನು ತನ್ನ ಕೈಯಾರೆ ಕೊಂದದ್ದಕ್ಕಲ್ಲ, ಬರೆಸಿ ಅಚ್ಚು ಹಾಕಿಸಿದ್ದಕ್ಕೆ.

ನಿಮ್ಮ ವಾಟ್ಸಪ್ ಗುಂಪುಗಳಲ್ಲಿ ಓಡಾಡುವ ಹಿಟ್ಲರ್ ಸ್ಟಿಕ್ಕರುಗಳು, ಒಲೆ ಮತ್ತು ಅನಿಲದ ಜೋಕುಗಳು ಯಾವ ಸಾಲಿಗೆ ಸೇರುತ್ತವೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಇದಕ್ಕೆ ಹೊಂದಿಕೊಂಡೇ ಆ ಎರಡನೇ ಚೀಟಿಗೆ ಉತ್ತರ ಹೇಳಿಬಿಡುತ್ತೇನೆ. ಇಸ್ರೇಲ್ ಎಂಬ ರಾಷ್ಟ್ರ ಹುಟ್ಟಿದ್ದು 1948ರಲ್ಲಿ. 1944ರಲ್ಲಿ ಔಷ್ವಿಟ್ಜ್‌ನ ರೈಲಿನಿಂದ ಇಳಿದ ಆರು ವರ್ಷದ ಹುಡುಗಿಗೆ ಅದರ ಯಾವ ತೀರ್ಮಾನದಲ್ಲೂ ಪಾಲಿಲ್ಲ. ಗಾಝಾದ ಮಗುವಿಗಾಗಿ ಅಳುವವರು ಆ ಹುಡುಗಿಗಾಗಿ ಅಳಬಾರದೆಂದು ಯಾವ ಲೆಕ್ಕ? ಒಂದು ಮಗುವಿನ ಸಾವನ್ನು ಅದರ ಜಾತಿ ನೋಡಿ ಸಣ್ಣದು ಮಾಡಲು ಒಪ್ಪಿದರೆ, ಇನ್ನೊಂದು ಮಗುವಿನ ಸಾವನ್ನು ಬೇರೆಯವರು ಸಣ್ಣದು ಮಾಡುವಾಗ ನಮಗೆ ಕೇಳಲು ಬಾಯಿ ಇರುವುದಿಲ್ಲ. ಆ ಚೀಟಿ ಬರೆದವರು ಕೋಪದಿಂದಲ್ಲ, ನೋವಿನಿಂದಲೇ ಬರೆದಿದ್ದಾರೆ ಎಂದು ನನಗೆ ಗೊತ್ತು.

ಇನ್ನು ಶಿಬಿರದ ಒಳಗೆ. ಅಲ್ಲಿದ್ದವರು ನಗುತ್ತಿದ್ದರೇ? ನಗುತ್ತಿದ್ದರು. ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ ಥೆರೆಸಿಯೆನ್‌ಸ್ಟಾಟ್, ಔಷ್ವಿಟ್ಜ್, ಆಮೇಲೆ ದಖಾವ್‌ಗೆ ಸೇರಿದ ಉಪಶಿಬಿರಗಳು, ಇಷ್ಟನ್ನು ದಾಟಿ ಬದುಕಿದವರು. ತಂದೆ, ತಾಯಿ, ಸಹೋದರ, ಹೆಂಡತಿ ಎಲ್ಲರನ್ನೂ ಕಳೆದುಕೊಂಡರು. (ದಖಾವ್ ನಮಗೆ ಪೂರ್ತಿ ಅಪರಿಚಿತ ಹೆಸರಲ್ಲ. ನಮ್ಮ ಟಿಪ್ಪು ಸುಲ್ತಾನರ ವಂಶದ ನೂರ್ ಇನಾಯತ್ ಖಾನ್, ಬ್ರಿಟಿಷರ ಪರವಾಗಿ ಪ್ಯಾರಿಸಿನಲ್ಲಿ ಗುಪ್ತ ವೈರ್‌ಲೆಸ್ ನಡೆಸಿ ಸಿಕ್ಕಿಬಿದ್ದು, 1944ರ ಸೆಪ್ಟೆಂಬರಿನಲ್ಲಿ ಗುಂಡಿಗೆ ಬಲಿಯಾದದ್ದು ಅಲ್ಲೇ. ಆಕೆಯ ಬಗ್ಗೆ ಬೇರೆಯೇ ಬರೆಯಬೇಕು.) ಫ್ರಾಂಕ್ಲ್ ತಮ್ಮ ಪುಸ್ತಕದಲ್ಲಿ ಹಾಸ್ಯವನ್ನು ಬದುಕಿ ಉಳಿಯಲು ಮನಸ್ಸಿಗಿದ್ದ ಒಂದು ಆಯುಧ ಎಂದು ಲೆಕ್ಕ ಹಾಕುತ್ತಾರೆ. ಕಟ್ಟಡ ಕೆಲಸದಲ್ಲಿ ಪಕ್ಕದಲ್ಲಿದ್ದ ಗೆಳೆಯನೊಬ್ಬ ಶಸ್ತ್ರಚಿಕಿತ್ಸಕ. ದಿನಕ್ಕೊಂದಾದರೂ ತಮಾಷೆಯ ಕತೆ ಕಟ್ಟಬೇಕು, ಅದು ಬಿಡುಗಡೆಯಾದ ಮೇಲೆ ನಡೆಯುವಂಥದ್ದಾಗಿರಬೇಕು ಎಂದು ಇಬ್ಬರೂ ಒಪ್ಪಂದ ಮಾಡಿಕೊಂಡರಂತೆ.

ಆ ಕತೆಗಳು ಎಂಥವು ಗೊತ್ತೇ? ಮೇಲಧಿಕಾರಿ ಬರುವಾಗ ಮೇಸ್ತ್ರಿ 'ಬೇಗ, ಬೇಗ' ಎಂದು ಕಿರುಚಿ ಕೈದಿಗಳನ್ನು ಓಡಿಸುತ್ತಿದ್ದ. ಮುಂದೆ ಒಂದು ದಿನ ಈ ಗೆಳೆಯ ಆಸ್ಪತ್ರೆಯಲ್ಲಿ ಯಾರದೋ ಹೊಟ್ಟೆಯ ದೊಡ್ಡ ಆಪರೇಷನ್ ಮಾಡುತ್ತಿರುವಾಗ ಅಟೆಂಡರ್ ಓಡಿ ಬಂದು, ಹಿರಿಯ ಡಾಕ್ಟರು ಬರುತ್ತಿದ್ದಾರೆ ಎನ್ನಲು ಅದೇ 'ಬೇಗ, ಬೇಗ' ಎಂದು ಕಿರುಚಿದರೆ? ಇನ್ನೊಂದು ಊಟದ್ದು. ಶಿಬಿರದ ಸಾರು ಬರೀ ನೀರು. ಒಂದೆರಡು ಬಟಾಣಿ ಕಾಳು ಇದ್ದರೆ ಅದು ತಳದಲ್ಲಿ. ಬಡಿಸುವವನು ಸೌಟನ್ನು ಕೆಳಗಿನವರೆಗೆ ಇಳಿಸಿದರೆ ಅದೇ ಆ ದಿನದ ಭಾಗ್ಯ. ಮುಂದೆ ಯಾರದೋ ದೊಡ್ಡ ಮನೆಯ ಔತಣದಲ್ಲಿ ಕುಳಿತಾಗ ನಾವು ಅಭ್ಯಾಸಬಲದಿಂದ ಮನೆಯ ಯಜಮಾನಿಯನ್ನು 'ಅಮ್ಮಾ, ತಳದಿಂದ ಬಡಿಸಿ' ಎಂದು ಬೇಡಿಕೊಂಡರೆ ಹೇಗಿರುತ್ತದೆ ಎಂದು ಕಲ್ಪಿಸಿಕೊಂಡು ನಕ್ಕರಂತೆ.

ಈ ಎರಡನೆಯದನ್ನು ತರಗತಿಯಲ್ಲಿ ಹೇಳಿದಾಗ ಯಾರೂ ಜೋರಾಗಿ ನಗಲಿಲ್ಲ, ಆದರೆ ಎಲ್ಲರ ಮುಖದಲ್ಲೂ ಏನೋ ಬಂದುಹೋಯಿತು. ಆ ಜೋಕಿನಲ್ಲಿ ಹಸಿವು ಮರೆಯಾಗಿಲ್ಲ. ಹಸಿವು ಎಷ್ಟಿತ್ತೆಂಬುದು ಆ ಜೋಕಿನಿಂದಲೇ ನಮಗೆ ಗೊತ್ತಾಗುವುದು. ಮತ್ತೆ ಅದರಲ್ಲಿ 'ಬಿಡುಗಡೆಯಾದ ಮೇಲೆ' ಎಂಬ ಮಾತಿದೆ. ನಾಳೆ ಎಂಬುದಿದೆ ಎಂದು ಒಪ್ಪಿಕೊಂಡರೆ ಮಾತ್ರ ಆ ಜೋಕನ್ನು ಕಟ್ಟಲು ಸಾಧ್ಯ. ವಾರ್ಸಾ ಘೆಟ್ಟೋದ ಇತಿಹಾಸಕಾರ ಎಮಾನುಯೆಲ್ ರಿಂಗೆಲ್‌ಬ್ಲೂಮ್ ಕೂಡ ಅಲ್ಲಿ ಓಡಾಡುತ್ತಿದ್ದ ಜೋಕುಗಳನ್ನು ಟಿಪ್ಪಣಿಗಳಲ್ಲಿ ಬರೆದಿಟ್ಟರು. ರೇಷನ್ ಲೆಕ್ಕ, ಸಾವಿನ ಲೆಕ್ಕದ ಪಕ್ಕದಲ್ಲೇ ಜೋಕುಗಳು. ಅವರು ಮತ್ತು ಅವರ ಸಂಗಡಿಗರು ಸಂಗ್ರಹಿಸಿದ ದಾಖಲೆಗಳನ್ನು ತಗಡಿನ ಪೆಟ್ಟಿಗೆ, ಹಾಲಿನ ಕ್ಯಾನುಗಳಲ್ಲಿ ತುಂಬಿ ನೆಲದಡಿ ಹೂತಿದ್ದರು. ಒಂದು ಭಾಗ 1946ರಲ್ಲಿ, ಇನ್ನೊಂದು 1950ರಲ್ಲಿ ಸಿಕ್ಕಿತು. ರಿಂಗೆಲ್‌ಬ್ಲೂಮ್ 1944ರಲ್ಲೇ ಕೊಲೆಯಾಗಿದ್ದರು.

ಇಲ್ಲಿ ಕುರ್ಟ್ ಗೆರಾನ್ ಎಂಬ ನಟನ ಕತೆ ಹೇಳಲೇಬೇಕು, ಏಕೆಂದರೆ ನಿಮ್ಮ ಪ್ರಶ್ನೆಯನ್ನು ಇದು ತಿರುಗಿಸಿ ನಿಲ್ಲಿಸುತ್ತದೆ. ಗೆರಾನ್ ಬರ್ಲಿನ್‌ನ ಜನಪ್ರಿಯ ಹಾಸ್ಯನಟ, ದಪ್ಪ ಮೈಯ ಮನುಷ್ಯ, 1930ರ ಪ್ರಸಿದ್ಧ 'ಬ್ಲೂ ಏಂಜಲ್' ಚಿತ್ರದಲ್ಲಿದ್ದವನು. ಯಹೂದಿಯಾದ್ದರಿಂದ ಓಡಿಹೋಗಿ ಹಾಲೆಂಡಿನಲ್ಲಿ ಸಿಕ್ಕಿಬಿದ್ದ, ಕೊನೆಗೆ ಥೆರೆಸಿಯೆನ್‌ಸ್ಟಾಟ್ ಶಿಬಿರಕ್ಕೆ ಬಂದ. ಅಲ್ಲಿ ಕೈದಿಗಳಿಗಾಗಿ 'ಕರುಸೆಲ್' ಎಂಬ ಹಾಸ್ಯ ಸಂಗೀತದ ಕಾರ್ಯಕ್ರಮ ನಡೆಸಿದ. 1944ರ ಜೂನ್ 23ರಂದು ರೆಡ್ ಕ್ರಾಸ್ ಪ್ರತಿನಿಧಿಗಳು ಆ ಶಿಬಿರ ನೋಡಲು ಬಂದರು. ನಾಝಿಗಳು ಅದಕ್ಕೆಂದೇ ಗೋಡೆಗೆ ಬಣ್ಣ ಹೊಡೆಸಿ, ಹೂಗಿಡ ನೆಡಿಸಿ, ಜನ ಕಡಿಮೆ ಕಾಣಲೆಂದು ಮೊದಲೇ ಸಾವಿರಾರು ಮಂದಿಯನ್ನು ಔಷ್ವಿಟ್ಜ್‌ಗೆ ಕಳಿಸಿದ್ದರು. ಬಂದವರು ನೋಡಿ ಹೋದರು. ಈ ಯಶಸ್ಸು ನೋಡಿ ನಾಝಿಗಳು ಅಲ್ಲೇ ಒಂದು ಸಿನಿಮಾ ಮಾಡಿಸಿದರು. ನಿರ್ದೇಶನ ಗೆರಾನ್‌ನಿಂದ, ಬಲವಂತವಾಗಿ. ಚಿತ್ರದಲ್ಲಿ ಕೈದಿಗಳು ಫುಟ್‌ಬಾಲ್ ನೋಡುತ್ತಾರೆ, ಗ್ರಂಥಾಲಯದಲ್ಲಿ ಓದುತ್ತಾರೆ. ಮಕ್ಕಳು ಬ್ರೆಡ್ ತಿನ್ನುತ್ತಾರೆ, 'ಬ್ರುಂಡಿಬಾರ್' ಎಂಬ ಸಂಗೀತ ನಾಟಕ ಆಡುತ್ತಾರೆ. ಎಲ್ಲರೂ ನಗುತ್ತಾರೆ. ಚಿತ್ರೀಕರಣ ಮುಗಿದ ಮೇಲೆ ಅದರಲ್ಲಿ ಕಾಣಿಸಿಕೊಂಡವರಲ್ಲಿ ಹೆಚ್ಚಿನವರನ್ನು ಔಷ್ವಿಟ್ಜ್‌ಗೆ ಕಳಿಸಿದರು. ಅಕ್ಟೋಬರ್ ಕೊನೆಯ ರೈಲಿನಲ್ಲಿ ಗೆರಾನ್‌ನನ್ನೂ ಹೆಂಡತಿಯನ್ನೂ ಕಳಿಸಿ ಕೊಂದರು. ಆ ಚಿತ್ರದ ತುಣುಕುಗಳಷ್ಟೇ ಉಳಿದಿವೆ.

ಅಂದರೆ ಯಹೂದಿಗಳ ಶಿಬಿರದಲ್ಲಿ ಎಲ್ಲರೂ ನಗುನಗುತ್ತಾ ಇರುವ ಸಿನಿಮಾವನ್ನು ಮೊದಲು ಮಾಡಿಸಿದವರು ಕೊಲೆಗಾರರೇ. ಆ ನಗು ಒಂದು ಪರದೆ. ಫ್ರಾಂಕ್ಲ್ ಗೆಳೆಯನ ಬಟಾಣಿ ಕಾಳಿನ ನಗು ಪರದೆ ಎಳೆಯುವುದಿಲ್ಲ, ತೆಗೆಯುತ್ತದೆ. ಶಿಬಿರದ ಬಗ್ಗೆ ಹಾಸ್ಯಚಿತ್ರ ಬಂದಾಗಲೆಲ್ಲ ನಾನು ಈ ಎರಡರ ನಡುವೆ ಇಟ್ಟು ನೋಡುತ್ತೇನೆ.

ಈಗ ನೀವು ನೋಡಿದ ಚಿತ್ರ. 'ಲೈಫ್ ಈಸ್ ಬ್ಯೂಟಿಫುಲ್' 1997ರದ್ದು, 1999ರಲ್ಲಿ ಮೂರು ಆಸ್ಕರ್ ಪಡೆಯಿತು. ನಿರ್ದೇಶಕ ಹಾಗೂ ನಾಯಕ ರಾಬರ್ಟೊ ಬೆನಿನಿ ಯಹೂದಿಯಲ್ಲ, ಆದರೆ ಅವರ ತಂದೆ ಯುದ್ಧಕಾಲದಲ್ಲಿ ಜರ್ಮನರ ದುಡಿಮೆ ಶಿಬಿರದಲ್ಲಿದ್ದವರು. ಗುಯಿದೊ ಎಂಬ ಯಹೂದಿ ಯುವಕ ಅರೆಝೊ ಎಂಬ ಊರಿಗೆ ಬಂದು ಶಿಕ್ಷಕಿ ದೋರಾಳನ್ನು ಒಲಿಸಿ ಮದುವೆಯಾಗುತ್ತಾನೆ. ಮಗ ಜೊಸುಯೆ. ಕೆಲವು ವರ್ಷ ಕಳೆದ ಮೇಲೆ ತಂದೆ ಮಗನನ್ನು ರೈಲಿಗೆ ತುಂಬುತ್ತಾರೆ. ದೋರಾ ಯಹೂದಿಯಲ್ಲದಿದ್ದರೂ ತಾನಾಗಿಯೇ ಕೇಳಿಕೊಂಡು ಹತ್ತುತ್ತಾಳೆ. ಶಿಬಿರದಲ್ಲಿ ಗುಯಿದೊ ಮಗನಿಗೆ ಹೇಳುವುದು: ಇದೆಲ್ಲ ಒಂದು ಆಟ, ಸಾವಿರ ಅಂಕ ಮೊದಲು ಗಳಿಸಿದವರಿಗೆ ನಿಜವಾದ ಟ್ಯಾಂಕ್ ಬಹುಮಾನ.

ನೀವೆಲ್ಲ ಬಿದ್ದು ಬಿದ್ದು ನಕ್ಕ ದೃಶ್ಯ ನನಗೆ ನೆನಪಿದೆ. ಜರ್ಮನ್ ಕಾವಲುಗಾರ ಶಿಬಿರದ ನಿಯಮಗಳನ್ನು ಕಿರುಚುತ್ತಾನೆ. ಜರ್ಮನ್ ಬಾರದ ಗುಯಿದೊ ಅನುವಾದಕ್ಕೆ ನಿಲ್ಲುತ್ತಾನೆ. ಅಳುವವರಿಗೆ, ಅಮ್ಮ ಬೇಕು ಎನ್ನುವವರಿಗೆ, ತಿಂಡಿ ಕೇಳುವವರಿಗೆ ಅಂಕ ಕಳೆಯುತ್ತೇವೆ ಎಂದು ಅದೇ ಗತ್ತಿನಲ್ಲಿ ಹೇಳುತ್ತಾನೆ. ಇಲ್ಲಿ ನಕ್ಕದ್ದರಲ್ಲಿ ಏನೂ ತೊಂದರೆಯಿಲ್ಲ. ಸುತ್ತ ನಿಂತ ಬೇರೆ ಕೈದಿಗಳ ಮುಖವನ್ನು ಇನ್ನೊಮ್ಮೆ ನೋಡಿ. ಅವರಿಗೆ ಆ ಅನುವಾದದಿಂದ ಏನೂ ತಿಳಿಯಲಿಲ್ಲ. ಯಾವ ತಪ್ಪಿಗೆ ಯಾವ ಶಿಕ್ಷೆ ಎಂಬುದೇ ಗೊತ್ತಿಲ್ಲದೆ ಅವರು ಕಂಗಾಲಾಗಿ ನಿಂತಿದ್ದಾರೆ. ಒಂದು ಮಗುವನ್ನು ಕಾಪಾಡಲು ಹೇಳಿದ ಸುಳ್ಳಿಗೆ ಬೇರೆಯವರು ಬೆಲೆ ತೆರಬಹುದು. ಚಿತ್ರ ಆ ಮಾತನ್ನು ಮುಂದುವರಿಸುವುದಿಲ್ಲ. ಮುಂದುವರಿಸಬೇಕಿತ್ತು ಎಂದು ನನ್ನ ಅಭಿಪ್ರಾಯ.

ಈ ಚಿತ್ರವನ್ನು ಕಟುವಾಗಿ ಟೀಕಿಸಿದವರಿದ್ದಾರೆ. ಹಿಟ್ಲರನನ್ನು ಹಾಡು ಕುಣಿತದಲ್ಲಿ ಗೇಲಿ ಮಾಡಿದ 'ದಿ ಪ್ರೊಡ್ಯೂಸರ್ಸ್' ಚಿತ್ರದ ಮೆಲ್ ಬ್ರೂಕ್ಸ್, ಸ್ವತಃ ಯಹೂದಿ, ಆ ಯುದ್ಧದಲ್ಲಿ ಸೈನಿಕನಾಗಿದ್ದವರು. ಹಿಟ್ಲರನನ್ನು ಎಷ್ಟು ಬೇಕಾದರೂ ನಗೆಗೀಡು ಮಾಡುತ್ತೇನೆ, ಆದರೆ ಶಿಬಿರದೊಳಗೆ ಹಾಸ್ಯ ಹುಡುಕುವುದು ತನಗೆ ಒಪ್ಪಿಗೆಯಿಲ್ಲ ಎನ್ನುವುದು ಅವರ ನಿಲುವು. ಅವರ ಗೆರೆ ಸ್ಪಷ್ಟವಾಗಿದೆ, ಗೌರವಿಸುತ್ತೇನೆ. ನನ್ನ ತಕರಾರು ಬೇರೆ ಕಡೆ. ಆ ಶಿಬಿರ ತೀರಾ ಚೊಕ್ಕಟವಾಗಿದೆ. ಗುಯಿದೊ ಧ್ವನಿವರ್ಧಕದ ಕೋಣೆಗೆ ನುಗ್ಗಿ ಹೆಂಡತಿಗೆ ನಮಸ್ಕಾರ ಹೇಳುತ್ತಾನೆ, ಇನ್ನೊಮ್ಮೆ ಗ್ರಾಮಫೋನಿನಲ್ಲಿ ಹಾಡು ಕೇಳಿಸುತ್ತಾನೆ, ಯಾರೂ ಕೇಳುವವರಿಲ್ಲ. ನಿಜವಾದ ಶಿಬಿರದಲ್ಲಿ ಸಾಲಿನಿಂದ ಒಂದು ಹೆಜ್ಜೆ ಹೊರಗಿಟ್ಟವರಿಗೂ ಗುಂಡು. ಜೊಸುಯೆಯ ವಯಸ್ಸಿನ ಮಕ್ಕಳನ್ನು ಔಷ್ವಿಟ್ಜ್‌ನಲ್ಲಿ ಬಹುಪಾಲು ಇಳಿದ ದಿನವೇ ಕೊಲ್ಲುತ್ತಿದ್ದರು, ಬಚ್ಚಿಡಲು ರಾತ್ರಿಯೇ ಸಿಗುತ್ತಿರಲಿಲ್ಲ.

ಹಾಗೆಂದು ಚಿತ್ರಕ್ಕೆ ಇದು ಗೊತ್ತಿಲ್ಲವೆಂದಲ್ಲ. ಜೊಸುಯೆ ಬದುಕಿದ್ದು ಹೇಗೆ ನೆನಪಿಸಿಕೊಳ್ಳಿ: ಅವನಿಗೆ ಸ್ನಾನವೆಂದರೆ ಆಗದು, ಮಕ್ಕಳನ್ನೆಲ್ಲ ಸ್ನಾನಕ್ಕೆ ಕರೆದಾಗ ಅವನು ತಪ್ಪಿಸಿಕೊಂಡು ಬಂದ. ಉಳಿದ ಮಕ್ಕಳು ಆ ಮೇಲೆ ಕಾಣುವುದೇ ಇಲ್ಲ. ಮೊದಲ ಅರ್ಧದಲ್ಲಿ ಬರೀ ಮನೆಯ ತಮಾಷೆಯಾಗಿದ್ದ ಸ್ನಾನದ ಜಗಳ ಇಲ್ಲಿ ಅನಿಲಕೋಣೆಯ ಬಾಗಿಲಾಗುತ್ತದೆ. ಇಂಥ ಕಡೆ ಹಾಸ್ಯ ಮಾಡಬಲ್ಲದ್ದನ್ನು ಗಂಭೀರ ಚಿತ್ರ ಮಾಡಲಾರದು.

ಎಲ್ಲಕ್ಕಿಂತ ನಿಜವಾದ ದೃಶ್ಯ ನನ್ನ ಪ್ರಕಾರ ಡಾಕ್ಟರ್ ಲೆಸ್ಸಿಂಗ್‌ನದು. ಯುದ್ಧಕ್ಕೆ ಮೊದಲು ಹೋಟೆಲಿನಲ್ಲಿ ಗುಯಿದೊ ಜೊತೆ ಒಗಟು ಬಿಡಿಸುತ್ತಿದ್ದ ಗೆಳೆಯ ಈಗ ಶಿಬಿರದ ವೈದ್ಯ. ಏನೋ ಮುಖ್ಯವಾದದ್ದು ಹೇಳುವವನಂತೆ ಗುಯಿದೊನನ್ನು ಪಕ್ಕಕ್ಕೆ ಕರೆಯುತ್ತಾನೆ. ಹೆಂಡತಿ ಮಗನನ್ನು ಉಳಿಸುವ ದಾರಿ ಹೇಳುತ್ತಾನೆಂದು ಗುಯಿದೊ ಮೈಯೆಲ್ಲ ಕಿವಿಯಾಗಿ ನಿಲ್ಲುತ್ತಾನೆ. ಡಾಕ್ಟರನಿಗೆ ಬೇಕಾದದ್ದು ಬಾತುಕೋಳಿಯ ಬಗೆಗಿನ ಒಂದು ಒಗಟಿಗೆ ಉತ್ತರ, ಅದು ಸಿಗದೆ ಅವನಿಗೆ ನಿದ್ದೆ ಬರುತ್ತಿಲ್ಲವಂತೆ! ಅಲ್ಲಿ ಒಬ್ಬರೂ ನಗಲಿಲ್ಲ. ಓದಿದ, ಸಭ್ಯ, ನಗೆಮಾತಿನ ಮನುಷ್ಯನಿಗೆ ಎದುರಿಗಿರುವವನ ಸಾವು ಕಾಣಿಸುವುದೇ ಇಲ್ಲ.

ಗಂಭೀರ ಚಿತ್ರಗಳು ಇದಕ್ಕಿಂತ ಪ್ರಾಮಾಣಿಕ ಎಂದು ಕಣ್ಣುಮುಚ್ಚಿ ಹೇಳುವಂತಿಲ್ಲ. 1993ರ 'ಶಿಂಡ್ಲರ್ಸ್ ಲಿಸ್ಟ್' ದೊಡ್ಡ ಚಿತ್ರವೇ. ಅದರಲ್ಲೂ ಔಷ್ವಿಟ್ಜ್‌ನಲ್ಲಿ ಹೆಂಗಸರನ್ನು ಸ್ನಾನದ ಕೋಣೆಗೆ ನೂಕಿ ದೀಪ ಆರಿಸಿದಾಗ ನಮ್ಮ ಉಸಿರು ನಿಲ್ಲುತ್ತದೆ, ಆಮೇಲೆ ಮೇಲಿನಿಂದ ಬರುವುದು ನೀರು. ನಾವು ಸಮಾಧಾನದಿಂದ ಕಣ್ಣೊರೆಸಿಕೊಳ್ಳುತ್ತೇವೆ. ಲಕ್ಷಾಂತರ ಜನರಿಗೆ ಬಂದದ್ದು ನೀರಲ್ಲ. ಅಳಿಸುವ ಚಿತ್ರವೂ ಸತ್ಯದ ಮೇಲೆ ಪರದೆ ಎಳೆಯಬಲ್ಲದು, ಅಳುವಾಗ ನಮಗೆ ಅನುಮಾನ ಬರುವುದಿಲ್ಲ, ಅಷ್ಟೇ. ಕ್ಲೋಡ್ ಲಾನ್ಸ್‌ಮನ್ 1985ರಲ್ಲಿ ಮಾಡಿದ ಒಂಬತ್ತು ಗಂಟೆಗೂ ಮೀರಿದ 'ಶೋವಾ' ಸಾಕ್ಷ್ಯಚಿತ್ರದಲ್ಲಿ ನಟನೆಯೇ ಇಲ್ಲ, ಹಳೆಯ ತುಣುಕುಗಳೂ ಇಲ್ಲ, ಬದುಕಿ ಉಳಿದವರ ಮತ್ತು ಕಂಡವರ ಮಾತು ಮಾತ್ರ. ಪರದೆಯನ್ನು ಪೂರ್ತಿ ಕಿತ್ತೊಗೆಯಲು ಅಷ್ಟು ದೂರ ಹೋಗಬೇಕಾಯಿತು.

ಸೋತ ಚಿತ್ರಗಳೂ ಇವೆ. ಅಮೆರಿಕದ ಹಾಸ್ಯನಟ ಜೆರ್ರಿ ಲೂಯಿಸ್ 1972ರಲ್ಲಿ, ಮಕ್ಕಳನ್ನು ನಗಿಸುತ್ತ ಅನಿಲಕೋಣೆಗೆ ಕರೆದೊಯ್ಯಬೇಕಾದ ಒಬ್ಬ ವಿದೂಷಕನ ಕತೆಯನ್ನು ಚಿತ್ರೀಕರಿಸಿದ. ಅದು ಬಿಡುಗಡೆಯಾಗಲೇ ಇಲ್ಲ. ಆ ಕೆಲಸದ ಬಗ್ಗೆ ತನಗೆ ನಾಚಿಕೆಯಿದೆ ಎಂದು ಅವನೇ ವೃದ್ಧಾಪ್ಯದಲ್ಲಿ ಹೇಳಿದ. 2019ರ 'ಜೊಜೊ ರ್ಯಾಬಿಟ್' ನಿಮ್ಮಲ್ಲಿ ಕೆಲವರಿಗೆ ಇಷ್ಟ. ಹತ್ತು ವರ್ಷದ ಜರ್ಮನ್ ಹುಡುಗನಿಗೆ ಹಿಟ್ಲರನೇ ಕಾಲ್ಪನಿಕ ಗೆಳೆಯ. ದ್ವೇಷವನ್ನು ಮಕ್ಕಳಿಗೆ ಹೇಗೆ ಆಟದಂತೆ ಉಣಿಸುತ್ತಾರೆ ಎಂಬುದನ್ನು ಅದು ಚೆನ್ನಾಗಿ ತೋರಿಸುತ್ತದೆ, 'ವಿಷದ ಅಣಬೆ'ಯ ನೆನಪಾಗುತ್ತದೆ. ನನಗೆ ಅದು ಸ್ವಲ್ಪ ಹೆಚ್ಚೇ ಮುದ್ದಾಗಿ ಕಂಡಿತು.

ಕೊನೆಯದಾಗಿ ನಾನು ಎಲ್ಲಕ್ಕಿಂತ ಮೇಲೆ ಇಡುವ ಚಿತ್ರ, ರುಮೇನಿಯಾದಲ್ಲಿ ಹುಟ್ಟಿದ ರಾಡು ಮಿಹೈಲಿಯಾನು 1998ರಲ್ಲಿ ಮಾಡಿದ 'ಟ್ರೇನ್ ಆಫ್ ಲೈಫ್'. 1941, ಪೂರ್ವ ಯುರೋಪಿನ ಒಂದು ಯಹೂದಿ ಹಳ್ಳಿ. ಊರಿನ ಹುಚ್ಚ ಶ್ಲೋಮೊ ಏದುಸಿರು ಬಿಡುತ್ತ ಓಡಿಬಂದು, ಪಕ್ಕದ ಊರುಗಳನ್ನು ಖಾಲಿ ಮಾಡಿಸುತ್ತಿದ್ದಾರೆ ಎಂದು ಸುದ್ದಿ ಹೇಳುತ್ತಾನೆ. ಉಪಾಯವೂ ಅವನದ್ದೇ: ನಮ್ಮನ್ನು ನಾವೇ ರೈಲಿಗೆ ತುಂಬಿಕೊಂಡು ಹೊರಟುಬಿಡೋಣ! ಹಳೆಯ ಬೋಗಿಗಳನ್ನು ಕೊಳ್ಳುತ್ತಾರೆ, ಕೆಲವರು ಕೈದಿಗಳಾಗುತ್ತಾರೆ, ಕೆಲವರು ಸಮವಸ್ತ್ರ ಹೊಲಿಸಿಕೊಂಡು ನಾಝಿಗಳಾಗುತ್ತಾರೆ. ದಾರಿಯಲ್ಲಿ ನಾಝಿ ವೇಷದವರಿಗೆ ಅಧಿಕಾರದ ಮತ್ತು ತಲೆಗೇರುತ್ತದೆ, ಕೈದಿಗಳ ನಡುವೆ ಕಮ್ಯುನಿಸ್ಟ್ ಸಂಘಟನೆ ಶುರುವಾಗುತ್ತದೆ, ಜಗಳ, ಪ್ರೇಮ, ಹಾಡು ಎಲ್ಲವೂ. ಇದೇ ಉಪಾಯ ಹೂಡಿ ಹೊರಟ ರೋಮಾ ಜನರ ಗುಂಪೊಂದು ಎದುರಾಗಿ ಎರಡೂ ಕಡೆಯವರು ಒಬ್ಬರಿಗೊಬ್ಬರು ಹೆದರಿ, ಆಮೇಲೆ ಒಟ್ಟಿಗೆ ಕುಣಿಯುವ ಭಾಗಕ್ಕೆ ನಗದವರಿಲ್ಲ. ಕೊನೆಗೆ ರೈಲು ಗಡಿ ದಾಟುತ್ತದೆ. ಶ್ಲೋಮೊ ಕ್ಯಾಮರಾ ನ��ಡುತ್ತ ಯಾರು ಎಲ್ಲಿಗೆ ಹೋದರು, ಏನಾದರು ಎಂದು ಸಂತೋಷದಿಂದ ಹೇಳುತ್ತಿರುತ್ತಾನೆ. ಕ್ಯಾಮರಾ ನಿಧಾನ ಹಿಂದೆ ಸರಿಯುತ್ತದೆ. ಅವನ ಮೈಮೇಲೆ ಪಟ್ಟೆಯ ಅಂಗಿ, ಮುಂದೆ ಮುಳ್ಳುತಂತಿ. ಯಾವ ರೈಲೂ ಗಡಿ ದಾಟಿಲ್ಲ.

ಈ ಚಿತ್ರವನ್ನು ಮುಂದಿನ ತಿಂಗಳು ತೋರಿಸುವವರಿದ್ದೇವೆ. ಕೊನೆಯನ್ನು ಹೇಳಿಬಿಟ್ಟಿರಲ್ಲ ಎನ್ನಬೇಡಿ, ಗೊತ್ತಿದ್ದು ನೋಡಿದಾಗ ಒಂದೊಂದು ತಮಾಷೆಯೂ ಬೇರೆಯಾಗಿ ಕೇಳಿಸುತ್ತದೆ. ಅಷ್ಟರೊಳಗೆ ನೇಮಿಚಂದ್ರ ಅವರ 'ಯಾದ್ ವಶೇಮ್' ಕಾದಂಬರಿಯನ್ನು ಓದಿ ಬಂದರೆ ಒಳ್ಳೆಯದು. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬೆಂಗಳೂರಿಗೆ ಬಂದ ಯಹೂದಿ ಹುಡುಗಿಯ ಕತೆ ಅದು, ನಗು ಕಡಿಮೆ. ಚೀಟಿಗಳನ್ನು ಈ ಸಲವೂ ಹೆಸರಿಲ್ಲದೆ ಕೊಡಬಹುದು. ಯಾವ ದೃಶ್ಯಕ್ಕೆ ನಕ್ಕಿರಿ, ಯಾವುದಕ್ಕೆ ನಗು ಅರ್ಧಕ್ಕೆ ನಿಂತಿತು ಎಂದು ಬರೆಯಿರಿ. ನನ್ನ ತೀರ್ಮಾನ ಒಪ್ಪಿಗೆಯಾಗದವರು ಎರಡು ಪುಟ ಬರೆದು ಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಹಾಕುವಂತೆ ಸಂಪಾದಕ ಮಂಡಳಿಗೆ ಹೇಳಿದ್ದೇನೆ.